ರವಾನಿಸಿದ ಮಾತಿನ ಹೊಣೆ: ಸಂಕಟಕಾಲದ ಸಂದೇಶಗಳ ಒಂದು ವಿಮರ್ಶೆ

ವಿಮರ್ಶೆಗೆ ಸಾಮಾನ್ಯವಾಗಿ ಒಂದು ಗ್ರಂಥ ಬೇಕು. ಅದಕ್ಕೊಬ್ಬ ಕರ್ತೃ ಇರಬೇಕು, ಪ್ರಕಾಶಕ ಇರಬೇಕು, ಪ್ರಕಟವಾದ ಊರು ಮತ್ತು ವರ್ಷ ಇರಬೇಕು. ಈ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ಬರವಣಿಗೆಗೆ ಇವು ಯಾವುವೂ ಇಲ್ಲ. ಆದರೂ ನಮ್ಮ ಮನೆಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಓದಲ್ಪಡುತ್ತಿರುವುದು ಅದೇ. ಬಸದಿಯ ಗ್ರಂಥಭಂಡಾರದ ಬೀಗ ತೆಗೆಯದೆ ತಿಂಗಳುಗಳಾಗಿರಬಹುದು. ಆದರೆ ಮೊಬೈಲಿಗೆ ಬಂದ ಸಂದೇಶವನ್ನು ನೋಡದೆ ಮಲಗುವವರು ವಿರಳ. ನಾಡಿಗೆ ಒಂದು ಸಂಕಟ ಬಂದಾಗಲಂತೂ ಜನ ಏನನ್ನು ನಂಬಬೇಕು, ಯಾರನ್ನು ದ್ವೇಷಿಸಬೇಕು ಎಂಬುದನ್ನು ನಿರ್ಧರಿಸುವ ಬರವಣಿಗೆ ಇದೇ ಆಗಿಬಿಟ್ಟಿದೆ. ಇಷ್ಟು ಪ್ರಭಾವವುಳ್ಳ ಒಂದು ಪ್ರಕಾರವನ್ನು ವಿಮರ್ಶೆಗೆ ಒಳಪಡಿಸದೆ ಬಿಡುವುದು ಸರಿಯಲ್ಲವೆಂದು ತೋರಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಈ ಪ್ರಕಾರದ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಬರೆದವರ ಹೆಸರಿರುವುದಿಲ್ಲ. ‘ಇಂದು ಬೆಳಿಗ್ಗೆ’ ಎಂದಿರುತ್ತದೆ, ತಾರೀಖು ಇರುವುದಿಲ್ಲ. ‘ನಮ್ಮ ಪಕ್ಕದ ಊರಿನಲ್ಲಿ’ ಎಂದಿರುತ್ತದೆ, ಊರಿನ ಹೆಸರಿರುವುದಿಲ್ಲ. ಯಾವ ಪತ್ರಿಕೆಯೂ ಇದನ್ನು ಪ್ರಕಟಿಸುವುದಿಲ್ಲ ಎಂಬ ದೂರು ಇರುತ್ತದೆ. ಕೊನೆಯಲ್ಲಿ ‘ನಿಮ್ಮ ಧರ್ಮದ ಮೇಲೆ ಅಭಿಮಾನವಿದ್ದರೆ ಎಲ್ಲರಿಗೂ ಕಳುಹಿಸಿ’ ಎಂಬ ಆಜ್ಞೆ ತಪ್ಪದೆ ಇರುತ್ತದೆ. ಇಡೀ ರಚನೆ ಆ ಕೊನೆಯ ವಾಕ್ಯಕ್ಕಾಗಿಯೇ ಹುಟ್ಟಿದಂತಿರುತ್ತದೆ.

ನಾಲ್ಕು ಒರೆಗಲ್ಲುಗಳು

ಒಂದು ವಸ್ತುವಿನ ಕುರಿತು ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳುವ ಮೊದಲು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕು ಅಪೇಕ್ಷೆಗಳನ್ನು ಗಮನಿಸಬೇಕೆಂಬುದು ಜೈನ ನ್ಯಾಯಶಾಸ್ತ್ರದ ನಿಲುವು. ಗಡಿಗೆ ಇದೆ ಎಂದರೆ ಅದು ಮಣ್ಣಿನದಾಗಿ ಇದೆ, ಈ ಸ್ಥಳದಲ್ಲಿ ಇದೆ, ಈ ಹೊತ್ತಿನಲ್ಲಿ ಇದೆ, ಈ ರೂಪದಲ್ಲಿ ಇದೆ ಎಂದೇ ಅರ್ಥ. ಇವುಗಳಲ್ಲಿ ಒಂದು ತಪ್ಪಿದರೂ ಹೇಳಿಕೆ ತಪ್ಪುತ್ತದೆ. ‘ಭಾವ’ವೆಂದರೆ ಶಾಸ್ತ್ರದಲ್ಲಿ ವಸ್ತುವಿನ ಗುಣಪರ್ಯಾಯ. ಮಾತಿಗೆ ಅನ್ವಯಿಸುವಾಗ ಅದನ್ನು ಆಡುವವನ ಮನಃಸ್ಥಿತಿ ಎಂಬ ಅರ್ಥದಲ್ಲಿ ನಾನು ಬಳಸಿಕೊಂಡಿದ್ದೇನೆ, ವಿದ್ವಾಂಸರು ಮನ್ನಿಸಬೇಕು.

ಕ್ಷೇತ್ರ ಮತ್ತು ಕಾಲಗಳನ್ನು ಮೊದಲು ನೋಡೋಣ. 2012ರ ಜುಲೈಯಲ್ಲಿ ಅಸ್ಸಾಮಿನ ಕೋಕ್ರಾಝಾರ್ ಪ್ರದೇಶದಲ್ಲಿ ಗಲಭೆಗಳಾದವು. ಅದರ ಬೆನ್ನಲ್ಲೇ, ರಂಜಾನ್ ಹಬ್ಬ ಮುಗಿಯುವುದರೊಳಗೆ ಈಶಾನ್ಯ ರಾಜ್ಯಗಳವರು ಬೆಂಗಳೂರನ್ನು ಬಿಡಬೇಕು, ಇಲ್ಲವಾದರೆ ದಾಳಿಯಾಗುತ್ತದೆ ಎಂಬ ಕಿರುಸಂದೇಶಗಳು ಹರಡಿದವು. ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನದಂದೇ, ಸಾವಿರಾರು ಯುವಕ ಯುವತಿಯರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಗೃಹಸಚಿವರಾಗಿದ್ದ ಆರ್. ಅಶೋಕ್ ಅವರು ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರೂ ಜನ ನಿಲ್ಲಲಿಲ್ಲ. ಆ ಸಂದೇಶಗಳು ಹೇಳಿದ ದಾಳಿ ನಡೆಯಲೇ ಇಲ್ಲ. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಸಾಮೂಹಿಕ ಕಿರುಸಂದೇಶಗಳನ್ನು ನಿಷೇಧಿಸಿ, ಒಬ್ಬರು ಒಂದು ದಿನಕ್ಕೆ ಐದನ್ನು ಮಾತ್ರ ಕಳುಹಿಸಬಹುದೆಂದು ಮೊದಲು ವಿಧಿಸಿತು. ಬಳಿಕ ಅದನ್ನು ಇಪ್ಪತ್ತಕ್ಕೆ ಏರಿಸಿತು. ಆ ದಿನಗಳಲ್ಲಿ ಮ್ಯಾನ್ಮಾರಿನಲ್ಲಿ ನಡೆದ ಹತ್ಯೆಯದೆಂದು ಹರಡಿದ್ದ ಒಂದು ಚಿತ್ರ ವಾಸ್ತವವಾಗಿ 2010ರಲ್ಲಿ ಚೀನಾದ ಯೂಶೂ ಪ್ರಾಂತದ ಭೂಕಂಪದಲ್ಲಿ ಮಡಿದವರ ನಡುವೆ ಟಿಬೆಟನ್ ಭಿಕ್ಷುಗಳು ನಿಂತಿದ್ದ ಚಿತ್ರವಾಗಿತ್ತು. ಮೃತರ ಸೇವೆಗೆ ನಿಂತವರನ್ನೇ ಕೊಂದವರೆಂದು ತೋರಿಸಲಾಗಿತ್ತು. ಚಿತ್ರ ಸುಳ್ಳಲ್ಲ, ಕ್ಷೇತ್ರವೂ ಕಾಲವೂ ಸುಳ್ಳು.

2018ರಲ್ಲಿ ಇದೇ ದೋಷ ಪ್ರಾಣಗಳನ್ನೇ ತೆಗೆದುಕೊಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳ ಜೊತೆಗೆ ಒಂದು ವಿಡಿಯೊ ಸುತ್ತುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ಪಾಕಿಸ್ತಾನದ ಕರಾಚಿಯಲ್ಲಿ ತಂದೆತಾಯಂದಿರನ್ನು ಎಚ್ಚರಿಸುವುದಕ್ಕಾಗಿ ಅಭಿನಯಿಸಿ ತೆಗೆದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಹಿಂದಿರುಗಿಸಿ ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗೆ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಯಿತು. ಅವರ ಚಿತ್ರ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಯನ್ನು ತಲುಪಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿ ನಿಂತ ಗುಂಪು ಅವರಲ್ಲೊಬ್ಬ ಎಂಜಿನಿಯರನನ್ನು ಕೊಂದಿತು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಬಂಧಿತರಲ್ಲಿ ವಾಟ್ಸ್ಆ್ಯಪ್ ಗುಂಪೊಂದರ ನಿರ್ವಾಹಕನೂ ಇದ್ದ. ಹೊಡೆದವರು ಹುಟ್ಟು ಕ್ರೂರಿಗಳಾಗಿರಲಿಲ್ಲ. ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ಅವರು ನಂಬಿದ್ದರು. ಇದನ್ನು ನಾವು ಮರೆಯಬಾರದು. ಹಿಂಸೆಗೆ ರಕ್ಷಣೆಯ ವೇಷ ತೊಡಿಸುವುದೇ ಈ ಬರವಣಿಗೆಯ ಕೌಶಲ.

ಅರ್ಧ ದ್ರವ್ಯ

ಮೇಲಿನವು ಸುಳ್ಳುಗಳು. ಸುಳ್ಳನ್ನು ಗುರುತಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಬಹಳ ಕಾಲ ನಾನೂ ತಿಳಿದಿದ್ದೆ. ನಮ್ಮ ಸಮಾಜದ ಮೇಲೆಯೇ ಸಂಕಟ ಬಂದೆರಗಿದಾಗ ಇದು ಸಾಲದೆಂದು ಅರಿವಾಯಿತು.

2023ರ ಜುಲೈ ತಿಂಗಳ ಮೊದಲ ವಾರದಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದಿಂದ ಪೂಜ್ಯ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರು ಕಾಣೆಯಾದರು. ಜುಲೈ 8ರಂದು ರಾಯಬಾಗ ತಾಲ್ಲೂಕಿನ ಖಟಕಬಾವಿಯ ಹಾಳು ಕೊಳವೆಬಾವಿಯಲ್ಲಿ ಅವರ ಪಾರ್ಥಿವ ಶರೀರ ದೊರೆಯಿತು. ಅದು ದೊರೆತ ಸ್ಥಿತಿಯನ್ನು ಇಲ್ಲಿ ಬರೆಯಲಾರೆ; ಓದುಗರಿಗೆ ತಿಳಿದೇ ಇದೆ. ಪಿಂಛಿ ಕಮಂಡಲುಗಳ ಹೊರತು ಮತ್ತೇನನ್ನೂ ಹಿಡಿಯದ, ಇರುವೆಗೂ ನೋವಾಗದಂತೆ ನಡೆಯುವ ಮುನಿಯೊಬ್ಬರಿಗೆ ಈ ಗತಿ ಬಂದಿತೆಂದು ಕೇಳಿ ನಮ್ಮ ಮನೆಯಲ್ಲಿ ಆ ದಿನ ಯಾರೂ ಊಟ ಮಾಡಲಿಲ್ಲ. ಪೊಲೀಸರು ಇಬ್ಬರನ್ನು ಬಂಧಿಸಿದರು. ಹಣದ ವ್ಯವಹಾರವೇ ಕಾರಣವೆಂದು ಅವರು ತಿಳಿಸಿದರು. ಪ್ರಕರಣ ವಿಧಾನಮಂಡಲದಲ್ಲಿ ಚರ್ಚೆಯಾಗಿ, ಅದೇ ತಿಂಗಳಲ್ಲಿ ತನಿಖೆ ಸಿಐಡಿಗೆ ಹೋಯಿತು.

ಬಂಧಿತರಿಬ್ಬರು ಬೇರೆ ಬೇರೆ ಮತದವರು. ಈ ಒಂದು ಸಂಗತಿಯನ್ನು ಸಂದೇಶಗಳು ಹೇಗೆ ಬಳಸಿಕೊಂಡವು ಎಂಬುದೇ ನಮ್ಮ ವಿಮರ್ಶೆಯ ಕೇಂದ್ರ. ಒಂದು ಬಗೆಯ ಸಂದೇಶದಲ್ಲಿ ಮುಸ್ಲಿಮನೊಬ್ಬನ ಹೆಸರು ಮಾತ್ರ ಇತ್ತು; ಇನ್ನೊಬ್ಬನಿದ್ದಾನೆಂಬ ಸುಳಿವೇ ಇರಲಿಲ್ಲ. ಅದಕ್ಕೆ ಉತ್ತರವೆಂಬಂತೆ ಬಂದ ಮತ್ತೊಂದು ಬಗೆಯಲ್ಲಿ ಹಿಂದೂವಿನ ಹೆಸರು ಮಾತ್ರ ಇತ್ತು. ಎರಡರಲ್ಲಿಯೂ ಹೇಳಿದ ಹೆಸರು ಬಂಧಿತನದೇ. ಎರಡೂ ಜನರನ್ನು ದಾರಿ ತಪ್ಪಿಸುವಂಥವೇ. ತನ್ನ ಅಂಶವನ್ನು ಹೇಳಿ ಉಳಿದ ಅಂಶಗಳನ್ನು ನಿರಾಕರಿಸದೆ ಇರುವುದು ನಯ. ತನ್ನ ಅಂಶವೇ ಪೂರ್ಣವೆಂದು ಹಟ ಹಿಡಿದು ಉಳಿದುದನ್ನು ಅಳಿಸುವುದು ದುರ್ನಯ ಎಂದು ನಮ್ಮ ತಾರ್ಕಿಕರು ಭೇದ ಮಾಡಿದ್ದಾರೆ. ಇಂದು ಸಮಾಜ ಎರಡು ಧ್ರುವಗಳಾಗಿ ಒಡೆಯುತ್ತಿದೆ ಎನ್ನುತ್ತೇವಲ್ಲ, ಅದು ಹೆಚ್ಚಾಗಿ ಸುಳ್ಳಿನಿಂದಲ್ಲ, ಇಂಥ ದುರ್ನಯದಿಂದ. ಸುಳ್ಳಿಗೆ ಸಾಕ್ಷಿ ತಂದು ಖಂಡಿಸಬಹುದು. ಅರ್ಧಸತ್ಯವನ್ನು ಖಂಡಿಸಲು ಹೋದರೆ ‘ಇದರಲ್ಲಿ ಸುಳ್ಳೇನಿದೆ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಆ ಪ್ರಶ್ನೆಯನ್ನು ನಾನೇ ಕೇಳಿದ್ದೆ. ಆ ರಾತ್ರಿ ನನಗೆ ಬಂದ ಮೊದಲನೆಯ ಬಗೆಯ ಸಂದೇಶವೊಂದನ್ನು ಐದು ಗುಂಪುಗಳಿಗೆ ರವಾನಿಸಿದೆ. ಅವುಗಳಲ್ಲಿ ಶೇಂಗಾ ಮತ್ತು ಈರುಳ್ಳಿ ವ್ಯಾಪಾರದ ಗುಂಪೂ ಒಂದಾಗಿತ್ತು. ನಮ್ಮ ತುರುವನೂರಿನಿಂದ ಚಿತ್ರದುರ್ಗಕ್ಕೂ ಚಳ್ಳಕೆರೆಗೂ ನನ್ನ ಮಾಲು ಸಾಗಿಸುತ್ತಿದ್ದ ಒಬ್ಬ ಮುಸ್ಲಿಂ ಲಾರಿ ಮಾಲೀಕರು ಆ ಗುಂಪಿನಲ್ಲಿದ್ದರು. ಮೂವತ್ತು ವರ್ಷಗಳ ವ್ಯವಹಾರ. ಒಂದು ದಿನವೂ ಚೀಟಿ ಬರೆಸಿಕೊಂಡವರಲ್ಲ. ಮೂರನೆಯ ದಿನ ಅಂಗಡಿಗೆ ಬಂದರು. ಎಂದಿನಂತೆ ಗದ್ದಿಗೆಯ ಪಕ್ಕ ಕುಳಿತುಕೊಳ್ಳದೆ ಬಾಗಿಲಲ್ಲೇ ನಿಂತು, “ಸಾವ್ಕಾರ್ರೆ, ನಮ್ಮ ಲೆಕ್ಕ ಚುಕ್ತಾ ಮಾಡಿಬಿಡಿ” ಎಂದರು. ಕಾರಣ ತಿಳಿಯದಷ್ಟು ಮೂಢ ನಾನಲ್ಲ. “ಅದು ನಾನು ಬರೆದದ್ದಲ್ಲ ಸಾಹೇಬ್ರೆ, ಬಂದದ್ದನ್ನು ಕಳಿಸಿದೆ ಅಷ್ಟೇ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಬ್ಬರನ್ನು ಹಿಡಿದರಂತೆ. ನಮಗೆ ಒಂದೇ ಹೆಸರು ಬಂತು. ಅದು ನಿಮ್ಮ ನಂಬರಿನಿಂದ ಬಂತು” ಎಂದರು.

ಹುಂಡಿಯ ಪಾಠ

ಆ ಮಾತು ನನ್ನನ್ನು ನಾಟಿದ್ದು ವ್ಯಾಪಾರಿಯಾಗಿ. ಬಿ.ಕಾಂ. ತರಗತಿಯಲ್ಲಿ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯನ್ನು ಓದಿದವನು ನಾನು. ಹುಂಡಿಯನ್ನು ಬರೆದವನು ಯಾರೇ ಆಗಿರಲಿ, ಅದು ನನ್ನ ಕೈಗೆ ಬಂದು ನಾನು ಅದರ ಬೆನ್ನ ಮೇಲೆ ಸಹಿ ಹಾಕಿ ಮತ್ತೊಬ್ಬರಿಗೆ ದಾಟಿಸಿದರೆ ಅದರ ಹಣಕ್ಕೆ ನಾನೂ ಹೊಣೆ. ಬರೆದವನು ಕೈಯೆತ್ತಿದರೆ ಹಿಡಿದಿರುವವನು ನನ್ನ ಬಾಗಿಲಿಗೆ ಬರುತ್ತಾನೆ. ‘ನಾನು ಬರೆದದ್ದಲ್ಲ, ಬಂದದ್ದನ್ನು ದಾಟಿಸಿದೆ’ ಎಂಬ ಮಾತು ಪೇಟೆಯಲ್ಲಿ ನಡೆಯುವುದಿಲ್ಲ. ಪರಿಚಯವಿಲ್ಲದವನ ಹುಂಡಿಯನ್ನೂ ಜನ ಸ್ವೀಕರಿಸುವುದು ಬೆನ್ನ ಮೇಲಿನ ಸಹಿಯನ್ನು ನೋಡಿ. ಸಂದೇಶಕ್ಕೂ ಇದೇ ನ್ಯಾಯ. ಬರೆದವನು ಯಾರೆಂದು ಲಾರಿ ಮಾಲೀಕರಿಗೆ ಗೊತ್ತಿರಲಿಲ್ಲ. ಕಳುಹಿಸಿದ ನನ್ನನ್ನು ಮೂವತ್ತು ವರ್ಷಗಳಿಂದ ಬಲ್ಲರು. ಆ ಅನಾಮಧೇಯ ಬರಹಕ್ಕೆ ನನ್ನ ಮೂವತ್ತು ವರ್ಷಗಳ ನಂಬಿಕೆಯನ್ನು ನಾನು ಸಾಲ ಕೊಟ್ಟಿದ್ದೆ.

ಪೇಟೆ ಬಲ್ಲ ಈ ನ್ಯಾಯ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಕರ್ಮವನ್ನು ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು, ಎಂದರೆ ಕೃತ, ಕಾರಿತ, ಅನುಮೋದನೆ, ಮೂರೂ ಬಂಧಕ್ಕೆ ಕಾರಣವೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಬರೆಯುವುದು ಕೃತ, ‘ಎಲ್ಲರಿಗೂ ಕಳುಹಿಸಿ’ ಎನ್ನುವುದು ಕಾರಿತ, ಹೆಬ್ಬೆರಳನ್ನೆತ್ತಿದ ಚಿಹ್ನೆಯನ್ನು ಒತ್ತುವುದು ಅನುಮೋದನೆ. ಸ್ಥೂಲವಾದ ಅಸತ್ಯವನ್ನು ನುಡಿಯದೆ, ನುಡಿಸದೆ ಇರುವುದರ ಜೊತೆಗೆ, ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯದಿರುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದಲ್ಲಿ ಸೇರಿಸಿದ್ದಾರೆ. ಚಾಡಿಯನ್ನೂ ಕೂಟಲೇಖವನ್ನೂ ಆ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದನ್ನು ದುಃಶ್ರುತಿಯೆಂದು ಕರೆದು ಅನರ್ಥದಂಡಗಳಲ್ಲಿ ಒಂದಾಗಿಸಿದ್ದಾರೆ. ಪ್ರಯೋಜನವಿಲ್ಲದ ಪಾಪವೆಂಬುದು ಆ ಮಾತಿನ ಅರ್ಥ. ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಮಲಗಿ ನಾವು ಮಾಡುವ ರವಾನೆಗೆ ಇದಕ್ಕಿಂತ ತಕ್ಕ ಹೆಸರು ನನಗೆ ತಿಳಿಯದು.

ಭಾವದ ಪ್ರಶ್ನೆ

ದೋಷವೆಲ್ಲ ಯಂತ್ರದ್ದೆಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ. ಜನರ ಗಮನವೇ ಈ ಕಂಪನಿಗಳ ಸರಕು. ಜನ ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಜಾಹೀರಾತಿನ ವರಮಾನ. ಆದುದರಿಂದ ಹೆಚ್ಚು ಪ್ರತಿಕ್ರಿಯೆ ಪಡೆದುದನ್ನು ಹೆಚ್ಚು ಜನರ ಕಣ್ಣಿಗೆ ಬೀಳಿಸುವಂತೆ ಅವುಗಳ ಗಣಿತ ರಚಿತವಾಗಿದೆ, ಕೋಪದಷ್ಟು ಬೇಗ ಪ್ರತಿಕ್ರಿಯೆ ತರುವ ಭಾವ ಮತ್ತೊಂದಿಲ್ಲ. ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವುದನ್ನು ಕಳುಹಿಸಬೇಕೆಂದು ಆರಿಸುವ ಗಣಿತವಿಲ್ಲ. ಅಲ್ಲಿ ಆರಿಸುವ ಕೈ ನಮ್ಮದೇ. ಅಮೆರಿಕದ ಎಂಐಟಿ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ನಿಜಕ್ಕಿಂತ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವ ಶೇಕಡಾ 70ರಷ್ಟು ಹೆಚ್ಚೆಂದು ಅವರು ಕಂಡರು. ಈ ವ್ಯತ್ಯಾಸಕ್ಕೆ ಸ್ವಯಂಚಾಲಿತ ಯಂತ್ರಗಳಿಗಿಂತ ಮನುಷ್ಯರೇ ಕಾರಣರೆಂದೂ ಅವರು ತೀರ್ಮಾನಿಸಿದರು.

2018ರ ಜುಲೈಯಲ್ಲಿ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಬಿಗಿಗೊಳಿಸಿತು. ಆ ತಿಂಗಳಲ್ಲೇ, ರೋಗವನ್ನು ಒಂದು ಸಮುದಾಯದವರು ಬೇಕೆಂದೇ ಹರಡುತ್ತಿದ್ದಾರೆಂಬ ಸಂದೇಶಗಳ ಹಾವಳಿ ಎಷ್ಟಿತ್ತೆಂದರೆ, ಮುಖ್ಯಮಂತ್ರಿಯಾಗಿದ್ದ ಬಿ. ಎಸ್. ಯಡಿಯೂರಪ್ಪನವರು ಯಾವುದೋ ಒಂದು ಘಟನೆಗಾಗಿ ಇಡೀ ಮುಸ್ಲಿಂ ಸಮುದಾಯವನ್ನು ದೂಷಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಬೇಕಾಯಿತು. ಮಿತಿಗಳು ವೇಗವನ್ನು ತಗ್ಗಿಸಬಲ್ಲವು. ಭಾವವನ್ನು ಶುದ್ಧಿ ಮಾಡಲಾರವು. ನಾನು ಆ ರಾತ್ರಿ ಕಳುಹಿಸಿದ್ದು ಐದೇ ಕಡೆಗೆ. ನಿಯಮವನ್ನು ಮೀರಿರಲಿಲ್ಲ.

ಮೌನವೇ ಧರ್ಮವೇ?

‘ಹಾಗಾದರೆ ನಮ್ಮ ಮುನಿಗಳನ್ನು ಕೊಂದರೂ ಬಾಯಿ ಮುಚ್ಚಿಕೊಂಡಿರಬೇಕೇ?’ ಎಂದು ಕೆಲವು ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಪಸಂಖ್ಯಾತವಾದ ಒಂದು ಸಮಾಜ ತನ್ನ ನೋವನ್ನು ಹೇಳಿಕೊಳ್ಳದಿದ್ದರೆ ಯಾರೂ ಕೇಳುವುದಿಲ್ಲವೆಂಬ ಭಯ ನಿರಾಧಾರವಲ್ಲ. ಉತ್ತರ ಅದೇ ಪ್ರಕರಣದಲ್ಲಿದೆ. ಹುಬ್ಬಳ್ಳಿ ಸಮೀಪದ ವರೂರಿನಲ್ಲಿ ಪೂಜ್ಯ ಆಚಾರ್ಯ ಶ್ರೀ ಗುಣಧರನಂದಿ ಮಹಾರಾಜರು ಜೈನ ಮುನಿಗಳಿಗೆ ರಕ್ಷಣೆ ಬೇಕೆಂದು ಉಪವಾಸ ಕೈಗೊಂಡರು, ಗೃಹಸಚಿವ ಡಾ. ಜಿ. ಪರಮೇಶ್ವರ್ ಅವರ ಭರವಸೆ ದೊರೆತ ಮೇಲೆ ಅದನ್ನು ಮುಗಿಸಿದರು. ಆ ಪ್ರತಿಭಟನೆಗೆ ಹೆಸರಿತ್ತು, ಮುಖವಿತ್ತು, ಸ್ಥಳವಿತ್ತು, ಬೇಡಿಕೆಯಿತ್ತು. ನಾಲ್ಕೂ ಒರೆಗಲ್ಲುಗಳಲ್ಲಿ ಅದು ನಿಲ್ಲುತ್ತದೆ. ನೋವನ್ನು ಅವರು ತಮ್ಮ ಶರೀರದ ಮೇಲೆ ತೆಗೆದುಕೊಂಡರು; ಸಂದೇಶ ರವಾನಿಸಿದ ನಾನು ಅದನ್ನು ನೆರೆಯವನ ಮೇಲೆ ಹೊರಿಸಿದೆ.

ನಮ್ಮ ತುರುವನೂರಿಗೂ ಇಂಥದೊಂದು ಸ್ಮೃತಿಯಿದೆ. 1939ರಲ್ಲಿ ಇಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಯಿತು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಆ ವರ್ಷದ ಅರಣ್ಯ ಸತ್ಯಾಗ್ರಹದ ಕಾರಣಕ್ಕೆ ಶಿಕ್ಷೆಗೆ ಒಳಗಾದರು. ಕತ್ತಲಲ್ಲಿ ಬಂದು ಮರ ಕಡಿದು ಓಡಿಹೋಗಿದ್ದರೆ ಅದು ಕಳ್ಳತನವಾಗುತ್ತಿತ್ತು. ಹಗಲಿನಲ್ಲಿ ಕಡಿದು, ಕಡಿದವನು ನಾನೆಂದು ಹೇಳಿ, ಶಿಕ್ಷೆಗೆ ತಲೆಯೊಡ್ಡಿದ್ದರಿಂದ ಅದು ಸತ್ಯಾಗ್ರಹವಾಯಿತು. ಮಾತಿಗೆ ಹೊಣೆ ಹೊರುವುದೇ ಮಾತಿನ ಬಲ.

ಬಸದಿ ಸಮಿತಿಗಳಲ್ಲಿ ಒಂದು ವಿಜ್ಞಾಪನೆ

ಇಂದು ಬಹುತೇಕ ಬಸದಿ ಟ್ರಸ್ಟುಗಳಿಗೆ ಒಂದೊಂದು ವಾಟ್ಸ್ಆ್ಯಪ್ ಗುಂಪು ಇದೆ. ಪೂಜೆಯ ವೇಳೆ, ಮುನಿಗಳ ವಿಹಾರದ ಮಾರ್ಗ, ಆಹಾರದಾನದ ಸರದಿ, ಇವೆಲ್ಲ ಅದರಿಂದ ಸುಗಮವಾಗಿವೆ. ಸಂಕಟದ ದಿನಗಳಲ್ಲಿ ಆ ಗುಂಪು ಏನಾಗುತ್ತದೆಂಬುದನ್ನು ಸಮಿತಿಗಳು ಮುಂಚಿತವಾಗಿ ಯೋಚಿಸಲಿ. ಟ್ರಸ್ಟಿನ ಹೆಸರಿನ ಗುಂಪಿನಲ್ಲಿ ಬಂದ ಪ್ರತಿಯೊಂದು ಸಂದೇಶದ ಬೆನ್ನ ಮೇಲೂ ಬಸದಿಯ ಸಹಿಯಿದೆ ಎಂದೇ ಹೊರಗಿನವರು ತಿಳಿಯುತ್ತಾರೆ. ಊರು, ತಾರೀಖು, ಮೂಲ ಇಲ್ಲದ ಸುದ್ದಿಯನ್ನು ಅಲ್ಲಿ ಹಾಕಬಾರದೆಂದು ಒಂದು ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದಿಡಬಹುದು. ರಸೀದಿಯಿಲ್ಲದೆ ನೂರು ರೂಪಾಯಿಯ ಖರ್ಚನ್ನೂ ಒಪ್ಪದ ನಮ್ಮ ಖಜಾಂಚಿಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಮತ್ತೊಂದು ಸಣ್ಣ ಮಾತು. ತಪ್ಪು ಸಂದೇಶ ಹೋದಾಗ ‘ಎಲ್ಲರಿಗೂ ಅಳಿಸು’ ಎಂಬ ಸೌಲಭ್ಯವಿದೆ. ನಾನು ಮೊದಲು ಮಾಡಿದ್ದೂ ಅದನ್ನೇ. ಆದರೆ ಲೆಕ್ಕಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವುದು ಅಪರಾಧಕ್ಕೆ ಸಮಾನ. ಅದು ಹಾಗೆಯೇ ಇರುವಂತೆ ಬಿಟ್ಟು, ಅದನ್ನು ಸರಿಪಡಿಸುವ ಇನ್ನೊಂದು ನಮೂದನ್ನು ತಾರೀಖು ಸಹಿತ ಬರೆಯಬೇಕು. ಮಾತಿನ ಲೆಕ್ಕವೂ ಹಾಗೆಯೇ. ಆ ವರ್ಷದ ಕ್ಷಮಾವಾಣಿಯ ದಿನ, ಸಂದೇಶ ಕಳುಹಿಸಿದ ಐದೂ ಗುಂಪುಗಳಲ್ಲಿ, ಬಂಧಿತರು ಇಬ್ಬರೆಂದೂ ಒಬ್ಬನ ಹೆಸರನ್ನಷ್ಟೇ ಹರಡಿದ್ದು ನನ್ನ ತಪ್ಪೆಂದೂ ಹೆಸರು ಹಾಕಿ ಬರೆದೆ. ಎರಡು ಗುಂಪುಗಳಲ್ಲಿ ನನ್ನನ್ನು ಹೀಯಾಳಿಸಿದರು. ಪ್ರತಿವರ್ಷ ಸಿದ್ಧ ಸಂದೇಶವೊಂದನ್ನು ನೂರಾರು ಜನಕ್ಕೆ ರವಾನಿಸಿ ಕ್ಷಮೆ ಕೇಳುವವನಾಗಿದ್ದ ನಾನು ಆ ದಿನ ಮೊದಲ ಬಾರಿಗೆ ಒಬ್ಬರ ಮನೆಯ ಬಾಗಿಲಿಗೆ ನಡೆದುಹೋಗಿ ಕೇಳಿದೆ.

ಲಾರಿ ಮಾಲೀಕರು ಒಳಕ್ಕೆ ಕರೆದು ಕೂರಿಸಿದರು. ನೀರು ಕೊಟ್ಟರು. ಆ ವಿಷಯವನ್ನು ಎತ್ತಲಿಲ್ಲ. ಈಗ ಮತ್ತೆ ಮಾಲು ಸಾಗಿಸುತ್ತಾರೆ. ಆದರೆ ಪ್ರತಿ ಸಲವೂ ಚೀಟಿ ಬರೆಸಿಕೊಳ್ಳುತ್ತಾರೆ. ನಾನೂ ಸುಮ್ಮನೆ ಬರೆದುಕೊಡುತ್ತೇನೆ.